ಟಿಬಿ ಅಂತ ಗುಳಿಯಪ್ಪ ಹಂಚಿದ ಮೇಲೆ

ಜಾರ್ ಮೇಲಿನ ಲೇಬಲ್ ಓದಿದ ಕೂಡ್ಲೆ ನನ್ನ ಕೈ ನಿಂತಿತು ಮಾರ್ರೆ. ಹೆಸರು ಗುರ್ತದ್ದು. ವಯಸ್ಸೂ ಸರಿ. ಊರು ಮುಂಬೈ ಹತ್ರದ ದಿವಾ. ಕಲ್ಯಾಣದ ಒಂದು ನರ್ಸಿಂಗ್ ಹೋಮಿಂದ ಬಂದ ಆ ಪ್ಲಾಸ್ಟಿಕ್ ಜಾರಲ್ಲಿ, ಫಾರ್ಮಲಿನ್ ಒಳಗೆ ಮುಳುಗಿ ಕೂತದ್ದು ನಮ್ಮ ಹಿಟ್ಟಕ್ಕನ ಗರ್ಭಕೋಶ.

ನಾನು ಡಾಕ್ಟರ್ ಅಲ್ಲ, ಮೊದ್ಲೇ ಹೇಳಿಬಿಡ್ತೇನೆ. ಡೊಂಬಿವ್ಲಿ ಈಸ್ಟಲ್ಲಿ ಒಂದು ಸಣ್ಣ ಪೆಥಾಲಜಿ ಲ್ಯಾಬ್. ಆಪರೇಷನ್ ಮಾಡಿ ತೆಗ್ದದ್ದು ನಮ್ಮಲ್ಲಿಗೆ ಬರ್ತದೆ. ಅದನ್ನು ಕೊಯ್ದು, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ, ಗಾಜಿನ ಸ್ಲೈಡ್ ಮಾಡಿ ನಮ್ಮ ಪೆಥಾಲಜಿಸ್ಟ್ ಮೇಡಂ ಮುಂದೆ ಇಡುವುದು ನನ್ನ ಕೆಲ್ಸ. ಓದಿದ್ದು ಬಿಎಸ್ಸಿ ಕೆಮಿಸ್ಟ್ರಿ. ಸ್ಲೈಡ್ ಓದ್ಲಿಕ್ಕೆ ಯಾರೂ ಕೂತು ಕಲಿಸ್ಲಿಲ್ಲ. ಫೋನಲ್ಲಿ ವಿಡಿಯೋ ನೋಡಿ, ಮೇಡಂನ ಹಳೇ ಪುಸ್ತಕ ಎಳ್ಕೊಂಡು ಓದಿ, ಊಟದ ಟೈಮಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕಲ್ತದ್ದು. ಅಮ್ಮ ಇದಕ್ಕೆ ಹುಚ್ಚು ಅಂತಾಳೆ. ಇರ್ಲಿ.

ಹಿಟ್ಟಕ್ಕ ಅಂದ್ರೆ ಯಾರು ಹೇಳ್ತೇನೆ. ಉಡುಪಿ ಕಡೆಯವರು, ಮದುವೆಯಾಗಿ ದಿವಾಕ್ಕೆ ಬಂದವರು. ಗಂಡ ಕಲ್ಯಾಣದ ಒಂದು ವೆಜ್ ಹೋಟೆಲಲ್ಲಿ ಅಡಿಗೆಯವರು. ಅದೇ ಹೋಟೆಲಿನ ಗಲ್ಲಾದಲ್ಲಿ ನನ್ನ ಅಪ್ಪ. ಅಕ್ಕ ಮನೆಯಲ್ಲೇ ಇಡ್ಲಿ ಹಿಟ್ಟು, ದೋಸೆ ಹಿಟ್ಟು ರುಬ್ಬಿ ಮಾರ್ತಾರೆ. ಹಾಗಾಗಿ ಮುದುಕರಿಂದ ಮಕ್ಕಳ ತನಕ ಎಲ್ಲರಿಗೂ ಅವರು ಹಿಟ್ಟಕ್ಕ. ಮಕ್ಕಳಿಲ್ಲ. ನಮ್ಮ ಕಡೆಯವರ ಯಾವ ಮನೆ ಸೀಮಂತ ಆದ್ರೂ ಗುಳಿಯಪ್ಪದ ಹಿಟ್ಟು ಹಿಟ್ಟಕ್ಕನ ಮನೆಯಿಂದ್ಲೇ ಬರ್ಬೇಕು, ಆದ್ರೆ ಅವರು ಅದನ್ನು ಬಾಗಿಲಲ್ಲಿ ಕೊಟ್ಟು ಚಪ್ಪಲಿ ಕೂಡ ಕಳಚದೆ ಹೋಗ್ತಾರೆ. ಒಳಗೆ ಬನ್ನಿ ಅಂತ ಯಾರೂ ಒತ್ತಾಯ ಮಾಡುವುದಿಲ್ಲ. ನಾನು ಸಣ್ಣವಳಿರುವಾಗ ಅವರಿಗೆ ಅರ್ಜೆಂಟ್ ಇರ್ತದೆ ಅಂತ ತಿಳ್ಕೊಂಡಿದ್ದೆ.

ಈ ಸಲ ಅವರ ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬಿತ್ತು. ನಮ್ಮ ಮನೆಗೆ ಹಿಟ್ಟು ತಂದಾಗ ಸೆರಗು ಸರಿ ಮಾಡ್ಕೊಂಡು ಅವರೇ ಹೇಳಿದ್ರು, "ನೋಡು ಮಾರಾಯ್ತಿ, ಐವತ್ತು ದಾಟಿದ ಮೇಲೆ ನಂಗೆ ಹೊಟ್ಟೆ ಬಂತು. ಸೀಮಂತ ನೀವೇ ಮಾಡ್ಬೇಕು." ಅಮ್ಮ ನಗ್ಲಿಕ್ಕೂ ಆಗದೆ ಬಿಡ್ಲಿಕ್ಕೂ ಆಗದೆ ಒಳಗೆ ಹೋದ್ಳು. ಸ್ಕ್ಯಾನಲ್ಲಿ ಎರಡೂ ಬದಿ ಗಡ್ಡೆ. ರಕ್ತದಲ್ಲಿ ಸಿಎ 125 ಅಂತ ಒಂದು ಟೆಸ್ಟ್ ಉಂಟು, ಅದೂ ತುಂಬ ಮೇಲೆ. ಕ್ಯಾನ್ಸರೇ ಅಂತ ಎಲ್ಲರೂ ಮನಸ್ಸಲ್ಲೇ ಬರ್ದುಕೊಂಡಾಗಿತ್ತು. ಸರ್ಜನ್ ಹೊಟ್ಟೆ ತೆರೆದು ಗರ್ಭಕೋಶ, ಎರಡು ಅಂಡಕೋಶ, ಅಂಡಾಣು ಸಾಗುವ ಎರಡು ನಳಿಕೆ ಎಲ್ಲ ತೆಗ್ದು ನಮ್ಮಲ್ಲಿಗೆ ಕಳಿಸಿದ್ರು.

ನಮ್ಮ ಮೇಡಂ ಧಾರವಾಡದವರು. ಕೊಯ್ಯುವಾಗ ಪಕ್ಕದಲ್ಲಿ ನಿಂತು ನಾನು ಅಳತೆ ಬರೀತೇನೆ, ತುಂಡುಗಳನ್ನು ಸಣ್ಣ ಪ್ಲಾಸ್ಟಿಕ್ ಕ್ಯಾಸೆಟ್ಟಿಗೆ ಹಾಕ್ತೇನೆ. ಆವತ್ತು ನಳಿಕೆಗಳನ್ನು ನೋಡಿ ಇಬ್ಬರೂ ಹತ್ರ ಬಗ್ಗಿದೆವು. ಸಾಧಾರಣ ಪೆನ್ಸಿಲಿನಷ್ಟು ದಪ್ಪ ಇರುವಂಥದ್ದು ಹೆಬ್ಬೆರಳಿನ ಹಾಗೆ ಊದಿ, ಮಣಿ ಪೋಣಿಸಿದ ಹಾಗೆ ಗಂಟು ಗಂಟಾಗಿತ್ತು. ಮೇಡಂ ಬ್ಲೇಡ್ ಇಟ್ಟು ಅಡ್ಡ ಕೊಯ್ದ ಕೂಡ್ಲೆ ಒಳಗಿಂದ ಹಳದಿ ಮಿಶ್ರಿತ ಬಿಳಿ, ಪುಡಿಪುಡಿ.

"ಪನೀರ್ ಇದ್ದಂಗ ಅದ ನೋಡು," ಅಂದ್ರು. "ನೀ ಏನಂತಿ?"

"ಟಿಬಿ ಮೇಡಂ!" ಅಂತ ಕ್ಲಾಸಲ್ಲಿ ಕೈ ಎತ್ತಿದವರ ಹಾಗೆ ಕೂಗಿದೆ.

"ಮೆಲ್ಲಕ. ಸ್ಲೈಡ್ ಮಾಡು ಮೊದ್ಲ."

ಇಲ್ಲಿ ನಮ್ಮ ಲ್ಯಾಬಿನ ಒಂದು ರೂಢಿ ಹೇಳ್ಬೇಕು. ನಳಿಕೆ ಅಂದ್ರೆ ನಡುವಿನಿಂದ ಒಂದು ಉಂಗುರದ ಹಾಗೆ ತುಂಡು, ಎಡದ್ದು ಒಂದು, ಬಲದ್ದು ಒಂದು, ಅಷ್ಟೇ. ಮುಖ್ಯ ಗರ್ಭಕೋಶ, ಮುಖ್ಯ ಅಂಡಕೋಶ. ನಳಿಕೆ ಅಂದ್ರೆ ಮದುವೆಗೆ ಬಂದ ದೂರದ ನೆಂಟ. ನಳಿಕೆಯ ತುದಿಯಲ್ಲಿ ಸೀರೆ ಸೆರಗಿನ ಕುಚ್ಚಿನ ಹಾಗೆ ಎಳೆ ಎಳೆ ಇರ್ತದೆ, ಅಂಡಾಣುವನ್ನು ಒಳಗೆ ಎಳ್ಕೊಳ್ಳುವುದು ಅದೇ. ಆ ಕುಚ್ಚನ್ನು ನಾವು ಹೆಚ್ಚಾಗಿ ತೆಗೊಳ್ಳುವುದೇ ಇರ್ಲಿಲ್ಲ. ಹಿಟ್ಟಕ್ಕನದ್ದೂ ತೆಗೊಳ್ಳಲಿಲ್ಲ. ಉಳಿದದ್ದೆಲ್ಲ ವಾಪಸ್ ಜಾರಿಗೆ.

ಸ್ಲೈಡಲ್ಲಿ ಪುಸ್ತಕದಲ್ಲಿ ಇದ್ದ ಹಾಗೇ ಬಂತು. ಜೀವಕೋಶಗಳು ಸುತ್ತು ಕಟ್ಟಿ ಕೂತ ಗಂಟುಗಳು, ನಡುವೆ ಸತ್ತ ಕೋಶಗಳ ಗುಲಾಬಿ ಬಣ್ಣದ ಪುಡಿ, ಬದಿಯಲ್ಲಿ ಕುದುರೆ ಲಾಳದ ಹಾಗೆ ಕೋಶಕೇಂದ್ರ ಜೋಡಿಸಿಕೊಂಡ ದೈತ್ಯ ಕೋಶ. ಆದ್ರೂ ರೋಗಾಣು ಕಣ್ಣಿಗೆ ಬೀಳ್ಬೇಕು ಅಂತ ನನ್ನ ಹಠ. ಕೆಂಪು ಬಣ್ಣ ಹಾಕಿ ಕೆಳಗಿಂದ ಬಿಸಿ ಮಾಡಿದೆ, ಆಸಿಡಲ್ಲಿ ತೊಳೆದೆ, ನೀಲಿ ಹಾಕಿದೆ. ಬೇರೆ ಎಲ್ಲದರ ಕೆಂಪು ಹೋಗ್ತದೆ, ಟಿಬಿಯದ್ದು ಮಾತ್ರ ಆಸಿಡಿಗೂ ಜಗ್ಗುವುದಿಲ್ಲ. ಅಂಗಾಂಶದಲ್ಲಿ ಅದು ಸಿಗುವುದೇ ಅಪರೂಪ. ಎಣ್ಣೆ ಹಾಕಿ ದೊಡ್ಡ ಲೆನ್ಸಲ್ಲಿ ಇಡೀ ಮಧ್ಯಾಹ್ನ ಹುಡುಕಿದೆ, ಕುತ್ತಿಗೆ ಹಿಡ್ಕೊಂಡಿತು. ಮತ್ತೆ ಸಿಕ್ಕಿತು ನೋಡಿ! ನೀಲಿ ಮೈದಾನದಲ್ಲಿ ಒಂದು ಕೆಂಪು ಕಡ್ಡಿ, ಸ್ವಲ್ಪ ಬಾಗಿದ್ದು. ಪಕ್ಕದಲ್ಲಿ ಇನ್ನೊಂದು. ನಾನು ಸ್ಟೂಲಿಂದ ಹಾರಿದೆ. ಐಪೀಸಿಗೆ ಫೋನ್ ಹಿಡ್ದು ಫೋಟೊ ತೆಗ್ದೆ.

ಮೇಡಂ ರಿಪೋರ್ಟ್ ಸೈನ್ ಮಾಡಿದ್ರು. ನಳಿಕೆಗಳ ಕ್ಷಯ. ಅಂಡಕೋಶದಲ್ಲಿ, ಗರ್ಭಕೋಶದಲ್ಲಿ ಕ್ಯಾನ್ಸರ್ ಇಲ್ಲ. ಸಿಎ 125 ಟಿಬಿಯಲ್ಲೂ ಏರ್ತದೆ, ಹೊಟ್ಟೆಯಲ್ಲಿ ನೀರೂ ತುಂಬ್ತದೆ. ಎಲ್ಲ ಲೆಕ್ಕ ಸರಿ ಕೂತಿತು.

ಮರುದಿನ ಹಿಟ್ಟಕ್ಕನ ಗಂಡ ಲ್ಯಾಬಿಗೇ ಬಂದ್ರು, ಕೈಯಲ್ಲಿ ಸ್ಟೀಲ್ ಡಬ್ಬ ತುಂಬ ಗುಳಿಯಪ್ಪ. ಇನ್ನೂ ಬಿಸಿ. ಅವರೇ ಮಾಡಿದ್ದು. ಯಾವತ್ತೂ ಮಾತಾಡದ ಮನುಷ್ಯ, ಆವತ್ತು ರಿಸೆಪ್ಷನಲ್ಲಿ ನಿಂತು ಎಲ್ಲರಿಗೂ ಹಂಚಿದ್ರು. "ಬರೇ ಟಿಬಿ ಅಂತೆ ಮಾರ್ರೆ! ಆರು ತಿಂಗಳು ಗುಳಿಗೆ ತಿಂದ್ರೆ ಆಯ್ತಂತೆ!"

ಟಿಬಿ ಬಂದದ್ದಕ್ಕೆ ಸಿಹಿ ಹಂಚಿದ್ದು ನಾನು ಅಲ್ಲೇ ಮೊದ್ಲು ನೋಡಿದ್ದು. ನಮ್ಮ ಸೀನಿಯರ್ ಟೆಕ್ನಿಷಿಯನ್, ಮರಾಠಿಯವರು, ಒಂದು ಗುಳಿಯಪ್ಪ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ರು. "ಅಗ, ಟಿಬಿ ಮನೆಯದ್ದು ತಿನ್ನಬಹುದಾ?"

"ನಳಿಕೆಯ ಟಿಬಿ ಕಾಕಾ. ಗುಳಿಯಪ್ಪದಲ್ಲಿ ಬರ್ಲಿಕ್ಕೆ ಅದು ಬೆಲ್ಲವಾ?"

ತಿಂದ್ರು. ಮತ್ತೆ ಎರಡು ತಿಂದ್ರು. ಆದ್ರೆ ಒಳಗೆ ಹೋಗಿ ಆ ಜಾರನ್ನು ಮಾತ್ರ ಕಪಾಟಿನಿಂದ ತೆಗ್ದು ಎಸೆಯುವ ಸಾಲಿನಲ್ಲಿ ಮುಂದೆ ಇಟ್ರು. ಬೇರೆಯವರ ಜಾರ್ ವಾರಗಟ್ಟಲೆ ಕೂರ್ತದೆ, ಟಿಬಿಯದ್ದು ಆದಷ್ಟು ಬೇಗ ಮನೆ ಬಿಡ್ಲಿ ಅಂತ ಅವರದ್ದು. ಫಾರ್ಮಲಿನಲ್ಲಿ ಮುಳುಗಿದ ಮೇಲೆ ಅದು ಯಾರಿಗೂ ಬರುವುದಿಲ್ಲ ಅಂತ ನಾನು ಹೇಳ್ತಾನೇ ಇರ್ತೇನೆ, ಅವರು ಹೂಂ ಹೂಂ ಅಂತಾನೇ ಇರ್ತಾರೆ.

ಇಷ್ಟಾಗಿ ಕೆಲವು ದಿನ ಕಳೀತು. ಒಂದು ಬೆಳಿಗ್ಗೆ ಮೇಡಂ ಬಂದವರು ಬ್ಯಾಗ್ ಕೂಡ ಇಡ್ಲಿಲ್ಲ.

"ಆ ದಿವಾದ ಹೆಣ್ಮಗಳ ಸ್ಲೈಡ್ ಮತ್ತ ತಗಿ."

ಎಡ ನಳಿಕೆಯ ಉಂಗುರದಲ್ಲಿ ಒಂದು ಮೂಲೆ. ಅಲ್ಲಿ ಒಳಪದರದ ಕೋಶಗಳು ಒಂದರ ಮೇಲೆ ಒಂದು ಗುಂಪು ಕಟ್ಟಿದ್ವು. ಮೇಡಂ ಅದನ್ನು ಮೊದ್ಲೇ ನೋಡಿದ್ರು, ಟಿಬಿಯಿಂದ ಆದದ್ದು ಅಂತ ಬಿಟ್ಟಿದ್ರು, ಆದ್ರೆ ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುತ್ತಿತಂತೆ. ಈಗ ಅದೇ ಮೂಲೆಯಲ್ಲಿ ಕೂತು ಏಳ್ಲೇ ಇಲ್ಲ. ನಂಗೆ ತಡೀಲಿಲ್ಲ, ಓದಿದ್ದು ಬಾಯಿಗೆ ಬಂತು.

"ಮೇಡಂ, ಟಿಬಿಯಲ್ಲಿ ಹಾಗೆ ಆಗ್ತದಲ್ಲ? ಕೆರಳಿ ಕೆರಳಿ ಕೋಶಗಳು ಬೆಳೆದು ಕ್ಯಾನ್ಸರಿನ ವೇಷ ಹಾಕ್ತವೆ. ಅದನ್ನು ನೋಡಿ ಮೋಸ ಹೋಗ್ಬೇಡಿ ಅಂತ ಪುಸ್ತಕದಲ್ಲೇ ಉಂಟು. ನಾನು ಮಾರ್ಕ್ ಮಾಡಿ ಇಟ್ಟಿದ್ದೇನೆ, ತರ್ಲಾ?"

"ನೀ ಓದಿದ್ದು ಖರೇ ಅದ." ಕಣ್ಣು ತೆಗೀಲಿಲ್ಲ ಅವರು. "ಆದ್ರ ಪುಸ್ತಕಕ್ಕ ಈ ಹೆಣ್ಮಗಳ ಗುರ್ತಿಲ್ಲ. ಟಿಬಿ ಸಿಕ್ತು, ನಾವು ಹುಡುಕೂದು ಬಿಟ್ವಿ. ಕುಚ್ಚು ನೋಡೀವೇನು?"

ನಾನು ಅಳತೆ ಬರ್ದ ಹಾಳೆ ತೆಗ್ದೆ, ಅದರಲ್ಲಿ ಕುಚ್ಚಿನ ಸುದ್ದಿಯೇ ಇಲ್ಲ.

"ಜಾರ್ ತಗೊಂಡ್ ಬಾ. ಎರಡೂ ಕುಚ್ಚು ಪೂರ್ತಿ ಹಾಕೂಣು. ಒಂದ ಎಳಿನೂ ಬಿಡೂದು ಬ್ಯಾಡ."

ಒಳಗೆ ಹೋದ್ರೆ ಕಪಾಟಿನ ಆ ಜಾಗ ಖಾಲಿ. ಸೀನಿಯರ್ ಕಾಕಾ ಕೈಯಲ್ಲಿ ಚಾ ಹಿಡ್ಕೊಂಡು ಆರಾಮಾಗಿ ಹೇಳಿದ್ರು, "ಅದಾ? ಹಳದಿ ಚೀಲಕ್ಕೆ ಹಾಕಿದೆ. ಗಾಡಿ ಕೆಳಗೆ ಬಂದಿದೆ ನೋಡು."

ಹೇಗೆ ಇಳಿದೆ ಗೊತ್ತಿಲ್ಲ. ನಮ್ಮ ಬಿಲ್ಡಿಂಗಿನ ಮೆಟ್ಟಿಲು ಎಷ್ಟು ಕಿರಿದು ಅಂದ್ರೆ ಎದುರಿಂದ ಯಾರಾದ್ರೂ ಬಂದ್ರೆ ಒಬ್ಬರು ಗೋಡೆಗೆ ಅಂಟ್ಕೊಳ್ಬೇಕು. ಆವತ್ತು ಎಲ್ಲರೂ ಅಂಟ್ಕೊಂಡ್ರು. ಆಸ್ಪತ್ರೆ ಕಸದ ಗಾಡಿಯವನು ಹಳದಿ ಚೀಲಗಳನ್ನು ಒಳಗೆ ಎತ್ತಿ ಹಾಕ್ತಾ ಇದ್ದ.

"ಭೈಯ್ಯಾ, ರುಕೋ ರುಕೋ!"

ಕಟ್ಟಿದ ಚೀಲ ಬಿಚ್ಚುವ ಹಾಗಿಲ್ಲ, ಅದು ರೂಲು ಅಂತ ಅವನದ್ದು. ಅವನು ಹೇಳಿದ್ದು ಸರಿಯೇ. ನಾನು ಹಿಂದಿಯಲ್ಲಿ ಶುರು ಮಾಡಿದವಳು ಮರಾಠಿಗೆ ಹೋಗಿ, ಕೊನೆಗೆ ಯಾವ ಭಾಷೆಯಲ್ಲಿ ಬೇಡಿದೆನೋ ಏನೋ. ಅವನು ನನ್ನ ಮುಖ ನೋಡಿ ನಮ್ಮ ಲ್ಯಾಬಿನ ಚೀಲ ಕೆಳಗಿಳಿಸಿ, "ಘರ್ ಕಾ ಕೋಯಿ ಹೈ ಕ್ಯಾ?" ಅಂತ ಕೇಳಿದ. ಮನೆಯವರಾ ಅಂತ. ಹೌದು ಅಂದೆ. ಸುಳ್ಳು ಅಂತ ಅನ್ನಿಸ್ಲಿಲ್ಲ. ಮೇಡಂ ಮೇಲಿಂದ ಫೋನ್ ಮಾಡಿ ಅವನ ಸೂಪರ್‌ವೈಸರಿಗೆ ಹೇಳಿದ ಮೇಲೆ, ಚೀಲವನ್ನು ಮೇಲೆ ತಂದು ಗ್ಲೌಸ್ ಹಾಕಿ ಬಿಚ್ಚಿದೆವು. ಜಾರ್ ಮುಚ್ಚಳ ಗಟ್ಟಿ ಇತ್ತು, ಲೇಬಲ್ ಒದ್ದೆಯಾಗಿದ್ರೂ ಓದ್ಲಿಕ್ಕೆ ಬರ್ತಿತ್ತು. ಕಾಕಾನ ಚಾ ಅಲ್ಲೇ ತಣ್ಣಗಾಗಿತ್ತು. ಅವರು ಹೊಸ ಬ್ಲೇಡ್ ತೆಗ್ದು ಮೇಡಂ ಕೈಗೆ ಕೊಟ್ರು.

ಕುಚ್ಚಿನ ಎಳೆಗಳು ಒಂದಕ್ಕೊಂದು ಅಂಟಿ, ಒದ್ದೆ ಉಲ್ಲನ್ನಿನ ಹಾಗಾಗಿದ್ವು. ಮೇಡಂ ಅದನ್ನು ಅಡ್ಡ ಕೊಯ್ಯದೆ ಉದ್ದುದ್ದ ಸೀಳಿದ್ರು, ಹೆಚ್ಚು ಜಾಗ ಕಣ್ಣಿಗೆ ಬೀಳ್ಲಿ ಅಂತ. ಎಡದ ಕುಚ್ಚಿನ ತುದಿಯಲ್ಲಿ ಎಳ್ಳು ಕಾಳಿಗಿಂತ ಸ್ವಲ್ಪ ದೊಡ್ಡ ಒಂದು ಬಿಳಿ ಚುಕ್ಕೆ ಇತ್ತು. ಟಿಬಿ ಗಂಟೇ ಇರ್ಬೇಕು ಅಂದೆ. ಮೇಡಂ ಅದನ್ನು ಎತ್ತಿ ಬೇರೆಯೇ ಕ್ಯಾಸೆಟ್ಟಿಗೆ ಹಾಕಿದ್ರು.

ಮರುದಿನ ಮೇಣದ ಬ್ಲಾಕ್ ಮೆಷಿನಿಗೆ ಹಾಕಿ ಹೆರೆದೆ. ಪದರ ರಿಬ್ಬನ್ ಹಾಗೆ ಬರ್ತದೆ, ಬಿಸಿ ನೀರಲ್ಲಿ ತೇಲಿಸಿ ಗಾಜಿನ ಮೇಲೆ ಹಿಡೀಬೇಕು. ಆ ಬ್ಲಾಕಿನ ರಿಬ್ಬನ್ ಮತ್ತೆ ಮತ್ತೆ ಹರೀತಿತ್ತು. ಸತ್ತ ಪುಡಿ ಇದ್ರೆ ಹಾಗೇ, ಹಿಟ್ಟು ಹದ ತಪ್ಪಿದ ದೋಸೆ ಹಾಗೆ. ಐಸಿನ ಮೇಲಿಟ್ಟು ತಣಿಸಿ, ಮತ್ತೆ ಹೆರೆದು, ಕೊನೆಗೂ ಒಂದು ಪೂರ್ತಿ ಪದರ ಸಿಕ್ಕಿತು.

ಬಣ್ಣ ಹಾಕಿ ಮೊದ್ಲು ನಾನೇ ನೋಡಿದೆ, ನನ್ನ ಚಾಳಿ. ವೇಷ ಅಲ್ಲ ಅದು. ಕೋಶಗಳು ಕರ್ರಗೆ, ದೊಡ್ಡಕ್ಕೆ, ಒಂದರ ಹಾಗೆ ಇನ್ನೊಂದಿಲ್ಲ, ಅಲ್ಲಲ್ಲಿ ಒಡೆದು ಎರಡಾಗ್ತಾ ಇರುವವು. ಗೋಡೆ ಒಡೆದು ಕೆಳಗೆ ನುಗ್ಗಿದ್ದವು. ಅದೇ ನೋಟದಲ್ಲಿ, ಗಾಜನ್ನು ಸರಿಸುವುದೂ ಬೇಡ, ಪಕ್ಕದಲ್ಲೇ ಟಿಬಿಯ ಗಂಟು, ದೈತ್ಯ ಕೋಶ ಸಮೇತ. ಎರಡೂ ಅಕ್ಕಪಕ್ಕ, ಒಂದೇ ಚಾಳಿನ ಒಂದೇ ಗೋಡೆಯ ಎರಡು ಕೋಣೆ ಹಾಗೆ.

ಮೇಡಂ ಬಂದು ನೋಡಿದ್ರು. ಎದ್ದು ಕಿಟಕಿ ಹತ್ರ ಹೋದ್ರು. ಮತ್ತೆ ಬಂದು ನೋಡಿದ್ರು. "ಖಾತ್ರಿ ಆಗೂತನಾ ಯಾರ್ಗೂ ಹೇಳಬ್ಯಾಡ," ಅಂದ್ರು.

ಖಾತ್ರಿ ಮಾಡುವ ಬಣ್ಣ ನಮ್ಮಲ್ಲಿಲ್ಲ. ಸಾನಪಾಡಾದ ಒಂದು ದೊಡ್ಡ ಲ್ಯಾಬಲ್ಲಿ ಮಾಡ್ತಾರೆ. ಕೊರಿಯರಿಗೆ ಕೊಡ್ಲಿಕ್ಕೆ ಮನಸ್ಸಾಗ್ಲಿಲ್ಲ, ಬ್ಲಾಕನ್ನು ನಾನೇ ತೆಗೊಂಡು ಹೋದೆ. ಲೋಕಲ್ ಟ್ರೈನಿನ ಲೇಡೀಸ್ ಡಬ್ಬದಲ್ಲಿ ಥಾಣೆ ತನಕ ನಿಂತು, ಅಲ್ಲಿ ಸೇತುವೆ ಹತ್ತಿ ಟ್ರಾನ್ಸ್ ಹಾರ್ಬರ್ ಲೈನಿನ ಗಾಡಿ ಹಿಡ್ದೆ. ಬ್ಯಾಗನ್ನು ಹೊಟ್ಟೆಗೆ ಅಪ್ಪಿ ಹಿಡ್ದದ್ದು ನೋಡಿ ಒಬ್ಬ ಅಜ್ಜಿ ಸೀಟ್ ಕೊಡ್ಲಿಕ್ಕೆ ಎದ್ರು, ಬಸುರಿ ಅಂತ ತಿಳ್ಕೊಂಡು. ನಾನು ಬೇಡ ಅಂದೆ. ಮತ್ತೆ ಕಿಟಕಿ ಆಚೆ ನೋಡಿದೆ, ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ.

ಸಾನಪಾಡಾದವರು ಫೋಟೊ ಕಳಿಸಿದ್ರು. ಪಿ53 ಅಂತ ಬಣ್ಣ. ಟಿಬಿಯ ನಾಟಕ ಆಗಿದ್ರೆ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಕಂದು ಬಣ್ಣ ಆಗ್ಬೇಕಿತ್ತು. ಇಲ್ಲಿ ಸಾಲಿಗೆ ಸಾಲು ಗಾಢ ಕಂದು. ನಳಿಕೆಯ ಕುಚ್ಚಿನಲ್ಲೇ ಹುಟ್ಟಿದ ಕ್ಯಾನ್ಸರ್.

ನನ್ನ ತಲೆ ಸುಮ್ಮನಿರ್ತದಾ? ಎರಡೂ ಒಂದೇ ಜಾಗದಲ್ಲಿ ಅಂದ್ರೆ ಒಂದರಿಂದ ಇನ್ನೊಂದು ಬಂದದ್ದೇ ಅಂತ ನಾನು ತೀರ್ಮಾನ ಮಾಡಿದೆ. ವರ್ಷಾನುಗಟ್ಟಲೆ ಟಿಬಿ ಒಳಗೇ ಉರೀತದೆ, ಕೋಶ ಸಾಯ್ತದೆ, ಹುಟ್ಟುತ್ತದೆ, ಸಾಯ್ತದೆ, ಒಂದಲ್ಲ ಒಂದು ಸಲ ಲೆಕ್ಕ ತಪ್ಪುತ್ತದೆ. "ಮೇಡಂ, ರಿಪೋರ್ಟಲ್ಲಿ ಬರೀವಾ? ಟಿಬಿಯಿಂದ ಕ್ಯಾನ್ಸರ್ ಅಂತ?"

"ಡೊಂಬಿವ್ಲ್ಯಾಗ ಒಂದ ಬೋಗಿಯಿಂದ ಇಬ್ಬರು ಇಳದ್ರು ಅಂದ್ರ ಬೀಗರೇನು ಅವರು?"

"ಅಲ್ಲ ಮೇಡಂ, ಆದ್ರೆ..."

"ದಿನಾ ಅದ ಬೋಗಿ ಹತ್ತಿದ್ರ ಗುರ್ತಾ ಇರಬಹುದು. ಇಲ್ಲ ಅಂತ ನಾ ಅನ್ನಂಗಿಲ್ಲ. ಹಂತಾ ಕೇಸ್ ಕೆಲವು ಮಂದಿ ಬರ್ದಾರ. ಆದ್ರ ಒಂದರಿಂದ ಇನ್ನೊಂದು ಬಂತು ಅಂತ ಯಾರೂ ತೋರ್ಸಿಲ್ಲ. ಎರಡೂ ಅವ ಅಂತ ಬರಿ. ಸಂಬಂಧ ಕಟ್ಟಬ್ಯಾಡ."

ಎರಡೂ ಇವೆ ಅಂತ ಟೈಪ್ ಮಾಡಿದೆ. ಮೇಡಂ ಸರ್ಜನಿಗೆ ತಾವೇ ಫೋನ್ ಮಾಡಿದ್ರು, ಮೊದ್ಲ ರಿಪೋರ್ಟ್ ಅರ್ಧ ಇತ್ತು ಅಂತ ನೇರ ಹೇಳಿದ್ರು. ಆವತ್ತಿಂದ ನಮ್ಮಲ್ಲಿ ಯಾರ ನಳಿಕೆ ಬಂದ್ರೂ ಕುಚ್ಚು ಪೂರ್ತಿ ಹೋಗ್ತದೆ. ಕಾಕಾನೇ ಕ್ಯಾಸೆಟ್ ಮುಂದೆ ತಂದಿಡ್ತಾರೆ.

ಹಿಟ್ಟಕ್ಕ ನಂಗೆ ಫೋನ್ ಮಾಡಿದ್ರು. "ಡಾಕ್ಟ್ರು ಪುನಃ ಕರ್ದಿದ್ದಾರೆ. ನೀನೂ ಬಾ ಮಾರಾಯ್ತಿ. ಅವರದ್ದು ಹಿಂದಿ ಸ್ಪೀಡ್ ಜಾಸ್ತಿ." ಅವರ ಹಿಂದಿ ನನಗಿಂತ ಚಂದ ಉಂಟು. ನಾನು ಹೋದೆ.

ಕಲ್ಯಾಣದ ಆ ಸಣ್ಣ ಕ್ಯಾಬಿನಲ್ಲಿ ಸರ್ಜನ್ ನಿಧಾನಕ್ಕೇ ಹೇಳಿದ್ರು. ಕ್ಯಾನ್ಸರ್ ಉಂಟು, ಸಣ್ಣದು ಇರುವಾಗ್ಲೇ ಸಿಕ್ಕಿದೆ, ಕೀಮೋ ಬೇಕು, ಟಿಬಿಯ ಮದ್ದೂ ಬಿಡುವ ಹಾಗಿಲ್ಲ, ಎರಡೂ ಒಟ್ಟಿಗೆ ಲಿವರಿಗೆ ಕಷ್ಟ, ಅದಕ್ಕೆ ನವಿ ಮುಂಬೈಯ ಕ್ಯಾನ್ಸರ್ ಡಾಕ್ಟ್ರ ಜೊತೆ ಕೂತು ನೋಡ್ಬೇಕು. ಗಂಡ ಕುರ್ಚಿಯ ಕೈ ಹಿಡ್ದುಕೊಂಡ್ರು. ಗುಳಿಯಪ್ಪ ಹಂಚಿದ ಅದೇ ಕೈ.

ಹಿಟ್ಟಕ್ಕ ಎಲ್ಲ ಕೇಳಿದ್ರು. ಮತ್ತೆ ಕೇಳಿದ್ದು ಇಷ್ಟು, "ಈ ಟಿಬಿ ಯಾವಾಗಿನದ್ದು?"

ಹೇಳುವುದು ಕಷ್ಟ ಅಂದ್ರು ಸರ್ಜನ್. ಬಹುಶಃ ತುಂಬ ಹಳೇದು, ವಯಸ್ಸಿನ ಹುಡುಗಿ ಇರುವಾಗ್ಲೇ ಬಂದು ಕೂತಿರ್ಬಹುದು. ಹೊರಗೆ ಏನೂ ತೋರಿಸುವುದಿಲ್ಲ, ಒಳಗೆ ನಳಿಕೆ ಮುಚ್ಚಿ ಬಿಡ್ತದೆ.

"ಮುಚ್ಚಿದ್ರೆ?"

ಸರ್ಜನ್ ನನ್ನ ಮುಖ ನೋಡಿದ್ರು. ನಾನು ಕನ್ನಡದಲ್ಲಿ ಹೇಳಿದೆ. "ಮುಚ್ಚಿದ್ರೆ ಮಕ್ಕಳಾಗುವುದಿಲ್ಲ ಅಕ್ಕ."

ಕ್ಯಾನ್ಸರ್ ಅಂದಾಗ ಅಲುಗದ ಹೆಂಗಸು ಆಗ ಗಂಡನ ಕಡೆ ತಿರುಗಿದ್ರು. ತುಳುವಿನಲ್ಲಿ ಏನೋ ಒಂದೇ ಮಾತು ಹೇಳಿದ್ರು, ತುಂಬ ಮೆಲ್ಲಗೆ. ಗಂಡ ತಲೆ ಎತ್ಲಿಲ್ಲ. ಮತ್ತೆ ಹಿಟ್ಟಕ್ಕ ನಂಗೆ ಅಂತ ಕನ್ನಡದಲ್ಲಿ, "ನಾಗದೋಷ ಅಂದ್ರು ಮಗಾ, ಇವರ ಮನೆಯವರು. ನನ್ನ ಕಡೆಯಿಂದ ಬಂದದ್ದು ಅಂದ್ರು. ಆಶ್ಲೇಷಬಲಿ ಮಾಡಿಸಿದ್ರು, ನಾಗನ ಕಲ್ಲು ಹಾಕಿಸಿದ್ರು. ನನ್ನ ನಾದಿನಿ ತನ್ನ ಸೀಮಂತದ ದಿನ ನನ್ನನ್ನು ಅಡಿಗೆಮನೆಯಲ್ಲಿ ಕೂರಿಸಿ ಬಾಗಿಲು ಎಳ್ಕೊಂಡ್ಳು. ಆಮೇಲೆ ನಾನು ಯಾರ ಸೀಮಂತಕ್ಕೂ ಒಳಗೆ ಹೋಗ್ಲಿಲ್ಲ." ಮತ್ತೆ ಕೇಳಿದ್ರು, "ಈ ಟಿಬಿಯಿಂದ್ಲೇ ಕ್ಯಾನ್ಸರಾ?"

ನನ್ನ ಥಿಯರಿ ನಾಲಿಗೆ ತುದಿಯಲ್ಲಿತ್ತು. "ಗೊತ್ತಿಲ್ಲ ಅಕ್ಕ. ಇರ್ಬಹುದು, ಇಲ್ಲದೆಯೂ ಇರ್ಬಹುದು. ಯಾರಿಗೂ ಗೊತ್ತಿಲ್ಲ."

"ಹೋಗ್ಲಿ," ಅಂದ್ರು.

ನವಿ ಮುಂಬೈಗೆ ಮೊದ್ಲ ಕೀಮೋಕ್ಕೆ ಹೋಗುವ ಬೆಳಿಗ್ಗೆ ಇಬ್ಬರೂ ಮೊದ್ಲು ಉಲ್ಟಾ ದಿಕ್ಕಿನ ಗಾಡಿ ಹಿಡ್ದು ಡೊಂಬಿವ್ಲಿಗೆ, ನಮ್ಮ ಲ್ಯಾಬಿಗೆ ಬಂದ್ರು. ಆ ಟಿಬಿ ನಂಗೆ ನೋಡ್ಬೇಕು ಅಂದ್ರು ಹಿಟ್ಟಕ್ಕ. ಮೇಡಂ ಎದ್ದು ತಮ್ಮ ಸ್ಟೂಲನ್ನೇ ಕೊಟ್ರು. ನಾನು ಕೆಂಪು ಬಣ್ಣದ ಸ್ಲೈಡ್ ಇಟ್ಟು, ಎಣ್ಣೆ ಹಾಕಿ, ಆ ಕಡ್ಡಿ ನಡುವಿಗೆ ಬರುವ ಹಾಗೆ ಮಾಡಿಕೊಟ್ಟೆ. ಅವರು ಒಂದು ಕಣ್ಣು ಮುಚ್ಚಿ ಬಗ್ಗಿದ್ರು. ಹಿಟ್ಟಿನ ಹದ ನೋಡುವಾಗ ಅವರು ಹೀಗೇ ಬಗ್ಗುವುದು.

"ಇದಾ?"

"ಅದೇ ಅಕ್ಕ."

"ಇಷ್ಟೇ?"

"ಇಷ್ಟೇ."

ಎಷ್ಟು ಹೊತ್ತು ನೋಡಿದ್ರು ಅಂದ್ರೆ ಅವರ ಗಂಡ ಬಾಗಿಲ ಹತ್ರ ಎರಡು ಸಲ ಕೆಮ್ಮಿದ್ರು. ಆಮೇಲೆ ಅಕ್ಕ ತಲೆ ಎತ್ತಿ ಫೋನ್ ತೆಗ್ದು ನನ್ನ ಕಡೆ ಚಾಚಿದ್ರು. "ಇದ್ರ ಫೋಟೊ ಹಾಕು."

ಹಾಕಿದೆ. "ಕ್ಯಾನ್ಸರಿದ್ದೂ ಕಳಿಸ್ಲಾ ಅಕ್ಕ?"

"ಅದು ಡಾಕ್ಟ್ರಿಗೆ. ಇದು ಊರಿಗೆ."

ಮೆಟ್ಟಿಲಿಳಿಯುವ ಮೊದ್ಲು ಅಲ್ಲೇ ನಿಂತು ಒಂದು ಬೆರಳಲ್ಲಿ ಒತ್ತಿ ಗಂಡನ ಮನೆಯವರ ಫ್ಯಾಮಿಲಿ ಗ್ರೂಪಿಗೆ ಕಳಿಸಿದ್ರು. ಕೆಳಗೆ ಒಂದು ಅಕ್ಷರವೂ ಬರೀಲಿಲ್ಲ, ನೀಲಿಯಲ್ಲಿ ಕೆಂಪು ಕಡ್ಡಿ ಅಷ್ಟೇ. ಫೋನ್ ಒಳಗೆ ಇಡುವಷ್ಟರಲ್ಲಿ ರಿಂಗ್ ಆಯ್ತು. ನಾದಿನಿ ಅಂತ ಹೆಸರು ಬಂತು. ಹಿಟ್ಟಕ್ಕ ಅದನ್ನು ನೋಡಿದ್ರು, ರಿಂಗ್ ಆಗ್ತಿರುವ ಹಾಗೇ ಬ್ಯಾಗಿಗೆ ಹಾಕಿ ಜಿಪ್ ಎಳೆದ್ರು.

"ಬನ್ನಿ," ಅಂದ್ರು ಗಂಡನಿಗೆ. "ಗಾಡಿ ತಪ್ಪುತ್ತದೆ."